ಹದಿನಾಲ್ಕು ಸೆಂಟಿಮೀಟರ್

ಕೋಡಿಬಾಗ, ಕಾರವಾರ
ಆಷಾಢ, ಮಂಗಳವಾರ

ಚಿ. ಪುಟ್ಟಿಗೆ ಸೋದರಮಾವನ ಆಶೀರ್ವಾದಗಳು.

ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ನಿನ್ನ ಕಾಗದದ ಕೊನೆಯ ಪುಟದಲ್ಲಿ, ಜಾಗ ಸಾಲದೆ ಅಂಚಿನಲ್ಲಿ ಅಡ್ಡ ಬರೆದ ಒಂದು ಸಾಲಿದೆಯಲ್ಲ, ಅದಕ್ಕಾಗಿ ಕೂತು ಬರೆಯುತ್ತಿದ್ದೇನೆ. "ಪತ್ರಕರ್ತರೆಲ್ಲ ಸುಳ್ಳು ಬರೆಯುವವರೇ ಎಂದಾದರೆ ಮಾವ, ನೀವು ಇಪ್ಪತ್ತೆರಡು ವರ್ಷ ಬರೆದದ್ದನ್ನು ಏನೆಂದು ತಿಳಿಯಲಿ?" ತಮಾಷೆಗೆ ಬರೆದಿರಬಹುದು. ನನಗೆ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ.

ಮೊದಲು ಬಂದದ್ದು ಸಿಟ್ಟು. ನಿನ್ನೆ ಮೊನ್ನೆಯ ಹುಡುಗಿ, ಇವಳಿಗೇನು ಗೊತ್ತು ಎಂದುಕೊಂಡೆ. ಮರುದಿನ ಸಿಟ್ಟು ಇಳಿಯಿತು. ಆಮೇಲೆ ಉಳಿದದ್ದು ಭಯ. ಯಾಕೆಂದರೆ ನಿನ್ನ ಪ್ರಶ್ನೆಗೆ ನನ್ನ ಹತ್ತಿರ ಚೊಕ್ಕವಾದ ಉತ್ತರವಿಲ್ಲ.

ಸುದ್ದಿವಾಹಿನಿಗಳ ಬಗ್ಗೆ ನೀನು ಬರೆದ ಆ ಗದ್ದಲವನ್ನು ನಾನೂ ನೋಡಿದೆ. ಒಂದು ವಾಹಿನಿಯಲ್ಲಿ ಖಳನಾದವನು ಇನ್ನೊಂದರಲ್ಲಿ ಹುತಾತ್ಮ. ಮೂರನೆಯದರಲ್ಲಿ ಎಂಟು ಜನ ಎಂಟು ಚೌಕಟ್ಟಿನೊಳಗೆ ಕೂತು ಒಟ್ಟಿಗೇ ಕೂಗುತ್ತಿದ್ದರು. ಕೂಗಿಸುವುದು ಅಗ್ಗ, ಪುಟ್ಟಿ. ಒಬ್ಬ ವರದಿಗಾರನನ್ನೂ ಕ್ಯಾಮೆರಾದವನನ್ನೂ ಗಾಡಿ ಮಾಡಿ ಸ್ಥಳಕ್ಕೆ ಕಳಿಸಿದರೆ ಡೀಸೆಲ್, ಊಟ, ವಸತಿ. ಎಂಟು ಜನರನ್ನು ಅವರವರ ಮನೆಯಲ್ಲೇ ಕೂರಿಸಿ ಜಗಳಕ್ಕೆ ಬಿಡುವುದಕ್ಕೆ ಏನು ಖರ್ಚು? ಹಾಗಾಗಿ ನಿನ್ನ ಅಸಹ್ಯದಲ್ಲಿ ನನಗೂ ಪಾಲಿದೆ. ನಾನು ಹೆದರಿದ್ದು ಅದಕ್ಕೆ ಅಲ್ಲ. "ಓದುವುದನ್ನೂ ನೋಡುವುದನ್ನೂ ಬಿಟ್ಟಿದ್ದೇನೆ, ನೆಮ್ಮದಿಯಾಗಿದೆ" ಎಂದು ಬರೆದಿದ್ದೀಯಲ್ಲ, ಆ ನೆಮ್ಮದಿಗೆ.

ನನ್ನ ಅಜ್ಜ, ಅಂದರೆ ನಿನ್ನ ಮುತ್ತಜ್ಜ, ಪತ್ರಿಕೆಯನ್ನು ನಂಬಿದವನೇ ಅಲ್ಲ. ಆದರೆ ದಿನಕ್ಕೆ ಎರಡು ಓದುತ್ತಿದ್ದ. 1966ರ ಅಕ್ಟೋಬರಿನಲ್ಲಿ ಗಡಿ ವಿವಾದಕ್ಕೆ ಮಹಾಜನ ಆಯೋಗ ನೇಮಕವಾದಾಗ ನಾನು ಹೈಸ್ಕೂಲು. ಮಹಾರಾಷ್ಟ್ರ ಕೇಳಿದ್ದು 814 ಹಳ್ಳಿ, ಜೊತೆಗೆ ಬೆಳಗಾವಿ, ನಿಪ್ಪಾಣಿ ಮತ್ತು ನಮ್ಮ ಕಾರವಾರ. ಮನೆಗೆ ಹುಬ್ಬಳ್ಳಿಯ ಕನ್ನಡ ಪತ್ರಿಕೆ ಬರುತ್ತಿತ್ತು, ಮುಂಬಯಿಯ ಮರಾಠಿ ಪತ್ರಿಕೆ ಎರಡು ದಿನ ತಡವಾಗಿ ಬರುತ್ತಿತ್ತು. ಅಜ್ಜ ಹುಬ್ಬಳ್ಳಿಯದ್ದನ್ನು ಎತ್ತಿಟ್ಟು, ಮುಂಬಯಿಯದ್ದು ಬಂದ ಮೇಲೆ ಎರಡನ್ನೂ ಜಗಲಿಯಲ್ಲಿ ಅಕ್ಕಪಕ್ಕ ಹಾಸಿ, ಮೂಲೆಗೆ ಅಡಿಕೆ ಕತ್ತರಿ ಇಟ್ಟು ಓದುತ್ತಿದ್ದ. ಊರಿನಲ್ಲಿ ನಡೆದ ಒಂದು ಸಭೆಗೆ ನಾನೇ ಕಡಲೆ ತಿನ್ನುತ್ತ ಹೋಗಿದ್ದೆ. ನೂರೈವತ್ತು ಜನ ಇದ್ದಿರಬಹುದು. ಒಂದು ಪತ್ರಿಕೆಯಲ್ಲಿ ಅದು ಬೃಹತ್ ಸಭೆ. ಇನ್ನೊಂದರಲ್ಲಿ ಅಂಥ ಸಭೆಯೇ ನಡೆದಿಲ್ಲ. ಅಜ್ಜನಿಗೆ ಹೇಳಿದೆ. ಅವನು ನಗಲೂ ಇಲ್ಲ. "ಇಬ್ಬರು ವೈರಿಗಳೂ ಒಪ್ಪುವ ಸಂಗತಿ ಯಾವುದೆಂದು ನೋಡು, ಅದನ್ನು ಮೊದಲು ತೆಗೆದಿಡು. ಉಳಿದದ್ದು ಮಸಾಲೆ" ಎಂದ. ಮರುವರ್ಷ ಆಗಸ್ಟಿನಲ್ಲಿ ವರದಿ ಬಂತು. ಕಾರವಾರ, ಹಳಿಯಾಳ, ಸೂಪಾ ಇಲ್ಲಿಯೇ ಉಳಿಯಲಿ ಎಂದಿತ್ತು. ಒಂದು ಪತ್ರಿಕೆಗೆ ಅದು ನ್ಯಾಯ, ಇನ್ನೊಂದಕ್ಕೆ ಅನ್ಯಾಯ. ಆದರೆ ಕಾರವಾರ ಎಲ್ಲಿ ಉಳಿಯಿತು ಎಂಬುದರಲ್ಲಿ ಎರಡಕ್ಕೂ ಭಿನ್ನಾಭಿಪ್ರಾಯವಿರಲಿಲ್ಲ.

ಅಜ್ಜ ಬಯ್ಯುತ್ತ ಓದಿದ. ನೀನು ಬಯ್ದು ಬಿಟ್ಟಿದ್ದೀಯ. ಪತ್ರಿಕೆ ಬಿಟ್ಟವರಿಗೆ ಸುದ್ದಿ ಬರುವುದು ನಿಲ್ಲುವುದಿಲ್ಲ, ಪುಟ್ಟಿ. ಅದು ಚಿಕ್ಕಪ್ಪನ ಮೊಬೈಲಿನಿಂದ ಬರುತ್ತದೆ, ಗೆಳತಿಯ ಗಂಡನಿಂದ ಬರುತ್ತದೆ, ಹೇಳಿದವರು ಯಾರೆಂಬ ಗುರುತಿಲ್ಲದೆ ಬರುತ್ತದೆ.

2017ರ ಡಿಸೆಂಬರ್ ನಿನಗೆ ನೆನಪಿರಬೇಕು. ಹೊನ್ನಾವರದಲ್ಲಿ ಒಬ್ಬ ಹುಡುಗನ ಶವ ಕೆರೆಯಲ್ಲಿ ಸಿಕ್ಕಿತು. ಸಂಜೆಯೊಳಗೆ ಅದು ಕೊಲೆಯೆಂದು ತೀರ್ಮಾನವಾಗಿತ್ತು. ಹೇಗೆ ಕೊಂದರು ಎಂಬ ವಿವರವೂ, ಕಣ್ಣಾರೆ ಕಂಡವರ ಹಾಗೆ, ಮೊಬೈಲಿನಿಂದ ಮೊಬೈಲಿಗೆ ಹರಿಯಿತು. ಕುಮಟಾ, ಶಿರಸಿ, ಕಾರವಾರ ಎಲ್ಲ ಕಡೆ ಕಲ್ಲು, ಬೆಂಕಿ. ನಾನು ಆ ದಿನ ಬಾಗಿಲು ಹಾಕಿಕೊಂಡು ಒಳಗೆ ಕೂತಿದ್ದೆ. ಪ್ರಕರಣ ಸಿಬಿಐಗೆ ಹೋಯಿತು. 2022ರ ಅಕ್ಟೋಬರಿನಲ್ಲಿ, ಹೆಚ್ಚುಕಡಿಮೆ ಐದು ವರ್ಷದ ಮೇಲೆ, ಅದು ಆಕಸ್ಮಿಕ ಸಾವು ಎಂಬ ವರದಿಯನ್ನು ಅವರು ಹೊನ್ನಾವರದ ನ್ಯಾಯಾಲಯಕ್ಕೆ ಕೊಟ್ಟರು. ಆ ಐದು ವರ್ಷ ಊರಿನಲ್ಲಿ ಓಡಾಡಿದ್ದು ಮೊದಲ ದಿನದ ಸಂಜೆಯ ಮಾತು. ಅದರಲ್ಲಿ ವಾಹಿನಿಗಳ ಪಾಲಿಲ್ಲ ಎನ್ನುವುದಿಲ್ಲ. ಆದರೆ ಆ ಸಂಜೆ ನಮ್ಮ ಓಣಿಯಲ್ಲಿ ಹೆಚ್ಚು ಕೂಗಾಡಿದವರು "ಟಿವಿಯವರು ನಿಜ ಮುಚ್ಚಿಡುತ್ತಾರೆ, ಇದನ್ನು ನೋಡಿ" ಎಂದು ಮೊಬೈಲ್ ಎತ್ತಿ ಹಿಡಿದವರೇ. ನಿನ್ನ ಕಾಗದ ಓದಿದಾಗ ನನಗೆ ಆ ಕೈಗಳು ಕಣ್ಣಿಗೆ ಬಂದವು.

ನಿನ್ನ ಅಪ್ಪನನ್ನೂ ಬಿಡುವುದಿಲ್ಲ. 2016ರ ನವೆಂಬರಿನಲ್ಲಿ ಹೊಸ 2,000 ರೂಪಾಯಿಯ ನೋಟಿನಲ್ಲಿ ಚಿಪ್ ಇದೆಯೆಂದು ಕೆಲವು ವಾಹಿನಿಗಳು ಚಿತ್ರಸಮೇತ ತೋರಿಸಿದಾಗ, ಭಾವ ನೋಟನ್ನು ಟಾರ್ಚಿನ ಮೇಲಿಟ್ಟು ಅರ್ಧ ಗಂಟೆ ನೋಡಿದ್ದರು. 2023ರಲ್ಲಿ ರಿಸರ್ವ್ ಬ್ಯಾಂಕು ಆ ನೋಟನ್ನೇ ಹಿಂದಕ್ಕೆ ಪಡೆಯಿತು. ಚಿಪ್ ಇನ್ನೂ ಸಿಕ್ಕಿಲ್ಲ. ಇರಲಿ.

ನಿನ್ನ ಸಾಲಿಗೆ ಬರುತ್ತೇನೆ. ಸುತ್ತಿ ಸುತ್ತಿ ತಪ್ಪಿಸಿಕೊಳ್ಳುತ್ತಿದ್ದೇನೆಂದು ನಿನಗೆ ಇಷ್ಟು ಹೊತ್ತಿಗೆ ಗೊತ್ತಾಗಿರಬೇಕು.

ನಾನು ಸಂಬಳದ ಪತ್ರಕರ್ತನಲ್ಲ, ಬಿಡಿ ಸುದ್ದಿಗಾರ. ಸಂಜೆ ಲಕೋಟೆಯನ್ನು ಹುಬ್ಬಳ್ಳಿ ಬಸ್ಸಿನ ಕಂಡಕ್ಟರನ ಕೈಗೆ ಕೊಡುವುದು, ಆಮೇಲಿನ ವರ್ಷಗಳಲ್ಲಿ ಫ್ಯಾಕ್ಸ್. ಅಚ್ಚಾದದ್ದನ್ನು ಕತ್ತರಿಸಿ, ಸ್ಕೇಲಿನಿಂದ ಅಳೆದು, ಸೆಂಟಿಮೀಟರಿಗೆ ಇಷ್ಟು ಎಂದು ತಿಂಗಳ ಕೊನೆಗೆ ಬಿಲ್ಲು ಕಳಿಸಬೇಕು. ತಲೆಬರಹ ನಮ್ಮದಲ್ಲ, ಅದನ್ನು ಪತ್ರಿಕಾ ಕಚೇರಿಯ ಡೆಸ್ಕಿನಲ್ಲಿ ಯಾರೋ ಕೊಡುತ್ತಾರೆ. ಎಷ್ಟೋ ಸಲ ನನ್ನ ಸುದ್ದಿಯ ತಲೆಬರಹ ನೋಡಿ ನಾನೇ ಬೆಚ್ಚಿದ್ದೇನೆ. ಆ ಬಿಲ್ಲಿನಲ್ಲಿ ಸಂಸಾರ ನಡೆಯುವುದಿಲ್ಲ. ಆಗಸ್ಟ್ 15ಕ್ಕೆ, ಜನವರಿ 26ಕ್ಕೆ, ದೀಪಾವಳಿ ವಿಶೇಷಾಂಕಕ್ಕೆ ಜಾಹೀರಾತು ತಂದುಕೊಟ್ಟರೆ ಕಮಿಷನ್. ಅಂದರೆ ಬೆಳಿಗ್ಗೆ ಯಾರ ವಿರುದ್ಧ ಬರೆಯಬೇಕೋ, ಸಂಜೆ ಅವರ ಮೇಜಿನ ಮುಂದೆಯೇ ನಗುತ್ತ ನಿಂತು ಶುಭಾಶಯದ ಜಾಹೀರಾತು ಕೇಳಬೇಕು. ಮಾರಾಟವಾದವರು ಎಂದು ನೀನು ಬರೆದಿದ್ದೀಯ. ನಮ್ಮ ಮಟ್ಟದಲ್ಲಿ ಯಾರೂ ನಮ್ಮನ್ನು ಕೊಳ್ಳಲು ಬಂದವರಿಲ್ಲ. ನಾವೇ ಬರೆಯದೆ ಬಿಡುತ್ತಿದ್ದೆವು.

ದೊಡ್ಡ ಮಟ್ಟದಲ್ಲಿ ಕೊಂಡದ್ದೂ ಉಂಟು. ಚುನಾವಣೆಯಲ್ಲಿ ದುಡ್ಡು ಕೊಟ್ಟು ಹಾಕಿಸುವ ಸುದ್ದಿಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ವರದಿ ಬರೆಯಿತು. ಹೆಸರುಗಳಿದ್ದ ಪೂರ್ತಿ ವರದಿ ಹೊರಬಂದದ್ದು ಮರುವರ್ಷ, ಕೇಂದ್ರ ಮಾಹಿತಿ ಆಯೋಗ ಹೇಳಿದ ಮೇಲೆ. ಆದರೆ ಆ ದಂಧೆಯನ್ನು 2009ರ ಮಹಾರಾಷ್ಟ್ರ ಚುನಾವಣೆಯ ಪುಟಗಳನ್ನು ಸಾಲಾಗಿಟ್ಟು ಬಯಲಿಗೆಳೆದವರು ಪಿ. ಸಾಯಿನಾಥ್. ಅವರೂ ಪತ್ರಕರ್ತರೇ ತಾನೇ.

ನೋಡು, ಮತ್ತೆ ತಪ್ಪಿಸಿಕೊಂಡೆ.

1986ರ ಅಕ್ಟೋಬರಿನಲ್ಲಿ ರಾಜೀವ್ ಗಾಂಧಿ ಸೀಬರ್ಡ್ ನೌಕಾನೆಲೆಗೆ ಅಡಿಗಲ್ಲು ಹಾಕಿದ ದಿನ ನಾನು ಅಲ್ಲಿದ್ದೆ. ಅದು ಕಂಡು ಬರೆದ ವರದಿ, ಈಗ ಓದಿದರೂ ನಾಚಿಕೆಯಿಲ್ಲ. ಮುಂದೆ ಆ ನೆಲೆಗಾಗಿ ಕಡಲಂಚಿನ ಊರುಗಳು ಒಂದೊಂದಾಗಿ ತೆರವಾದವು. ತೊಂಬತ್ತರ ದಶಕದ ಕೊನೆಯ ಒಂದು ಮಳೆಗಾಲ. ಸ್ಕೂಟರು ಕೆಟ್ಟಿತ್ತು. ಒಂದು ಕಚೇರಿಯಿಂದ ಪ್ರಕಟಣೆ ಬಂತು. ಯಾವ ಕಚೇರಿ ಎಂದು ಬರೆಯುವುದಿಲ್ಲ, ತಪ್ಪು ಅದರದ್ದಲ್ಲ. ಇಂತಿಷ್ಟು ಕುಟುಂಬಗಳು ಪರಿಹಾರ ಪಡೆದು ಸಂತೋಷದಿಂದ ಹೊಸ ಮನೆಗಳಿಗೆ ತೆರಳಿದವು ಎಂದಿತ್ತು. ಮೊದಲ ವಾಕ್ಯವನ್ನು ಸ್ವಲ್ಪ ತಿರುವಿ, "ಎನ್ನಲಾಗಿದೆ" ಎಂಬುದನ್ನು ತೆಗೆದು, ನಾನೇ ನಿಂತು ನೋಡಿದವನಂತೆ ಬರೆದು ಕಳಿಸಿದೆ. ಊರು ಇಲ್ಲಿಂದ ಒಂದು ಗಂಟೆಯ ಬಸ್ಸಿನ ದಾರಿಯೂ ಅಲ್ಲ.

ಹತ್ತು ದಿನವಾಗಿರಬೇಕು. ನಮ್ಮ ಮನೆಗೆ ಮೀನು ತರುತ್ತಿದ್ದವಳು ಬುಟ್ಟಿ ಇಳಿಸಿದಳು. ಅವಳಿಗೆ ಓದು ಬಾರದು, ಮಗ ಓದಿ ಹೇಳಿದ್ದನಂತೆ. "ನಾವು ಸಂತೋಷದಿಂದ ಹೋದೆವೆಂದು ಬರೆದಿದ್ದೀಯಂತೆ. ನೀನು ಬಂದಿದ್ದೆಯಾ?" ಎಂದು ಕೇಳಿದಳು. ದನಿ ಏರಿಸಲಿಲ್ಲ. ನಾನು ಮಳೆ, ಸ್ಕೂಟರು ಎಂದೇನೋ ಹೇಳಿದೆ. ಅವಳು ಎಂಟು ಬಂಗಡೆ ಎಣಿಸಿ ಹಾಕಿದಳು, ದುಡ್ಡು ತೆಗೆದುಕೊಂಡಳು, ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಕೊಟ್ಟಳು. ಆಮೇಲೆ ಆ ಓಣಿಗೆ ಅವಳು ಬರಲಿಲ್ಲ. ಒಂದು ತಿದ್ದುಪಡಿ ಬರೆದೆ, ಅರ್ಧ ಪುಟ. ಆಗಸ್ಟ್ 15 ಹತ್ತಿರವಿತ್ತು, ಜಾಹೀರಾತಿನ ದಿನಗಳು. ಕಳಿಸಲಿಲ್ಲ.

ಪರಿಹಾರಕ್ಕಾಗಿ ಆ ಜನ ಮುಂದೆ ಎಷ್ಟು ವರ್ಷ ನ್ಯಾಯಾಲಯಕ್ಕೆ ಅಲೆದರು ಎಂಬುದು ನಿನಗೆ ಗೊತ್ತಿರುವುದೇ. ನನ್ನ ಒಂದು ಸುದ್ದಿಯಿಂದ ಅದು ಉದ್ದವಾಯಿತು ಎಂದಲ್ಲ. ಅಷ್ಟು ದೊಡ್ಡವನು ನಾನಲ್ಲ. ಆದರೂ ಅವರು ಸಂತೋಷದಿಂದ ಹೋದರು ಎಂದು ಹೇಳುವವರ ಕೈಗೆ ಒಂದು ಕಾಗದ ಕೊಟ್ಟೆ.

ಹೀಗಿರುವಾಗ ಎಲ್ಲರನ್ನೂ ನಂಬು ಎಂದು ನಿನಗೆ ಹೇಳಲು ನನಗೆ ಬಾಯಿಲ್ಲ. ಯಾರನ್ನೂ ನಂಬಬೇಡ ಎನ್ನಲೂ ಬಾಯಿ ಬರುತ್ತಿಲ್ಲ. ಅದಕ್ಕೆ ಕಾರಣ ಇನ್ನೊಬ್ಬಳು.

2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತಲ್ಲ, ನಾಲ್ಕು ದಿನ ಬಿಟ್ಟು ಅಂಕೋಲೆಯ ಕಡೆಯಿಂದ ಹೋಗಿ ದೂರದಲ್ಲಿ ನಿಂತಿದ್ದೆ. ಗಂಗಾವಳಿ ನದಿಯ ದಂಡೆಯಲ್ಲಿ ಛತ್ರಿಗಳ ಸಂತೆ. ಕೇರಳದ ವಾಹಿನಿಗಳು ಕಾಣೆಯಾದ ತಮ್ಮ ಲಾರಿ ಚಾಲಕನಿಗಾಗಿ ಹಗಲು ರಾತ್ರಿ ನಿಂತಿದ್ದವು. ಅವರನ್ನು ಬಯ್ಯಲಾರೆ, ಅವರು ಬಂದಿದ್ದರು. ಎರಡು ರಾಜ್ಯಗಳ ನಡುವೆ ಮಾತಿನ ಚಕಮಕಿಯೂ ಆಯಿತು. ಲಾರಿ ಸಿಕ್ಕಿದ್ದು ಸೆಪ್ಟೆಂಬರ್ 25ಕ್ಕೆ. ಅಲ್ಲಿ ಒಬ್ಬ ಕ್ಯಾಮೆರಾದವನು ಅಳುತ್ತ ಬರುತ್ತಿದ್ದ ಮುದುಕಿಗೆ "ಸ್ವಲ್ಪ ಹಿಂದಕ್ಕೆ ಹೋಗಿ ಇನ್ನೊಮ್ಮೆ ಬನ್ನಿ" ಎಂದ. ನೀನು ಹೇಳುವವರು ಅಲ್ಲಿಯೂ ಇದ್ದರು.

ಅವನಿಂದ ಹತ್ತು ಹೆಜ್ಜೆ ಆಚೆ ಒಬ್ಬ ಹುಡುಗಿ, ನಿನ್ನದೇ ವಯಸ್ಸು, ನೋಟ್‌ಬುಕ್ಕನ್ನು ಹಾಲಿನ ಪ್ಲಾಸ್ಟಿಕ್ ತೊಟ್ಟೆಯೊಳಗೆ ಇಟ್ಟು, ಕೈಯನ್ನೂ ತೊಟ್ಟೆಯೊಳಗೆ ತೂರಿಸಿ ಬರೆಯುತ್ತಿದ್ದಳು. ಕಾಣೆಯಾದವರ ಕಡೆಯ ಒಬ್ಬನನ್ನು ಹೆಸರು ಕೇಳಿದಳು. ಅವನು ಹೇಳಿದ. "ನಾಯ್ಕವೋ ನಾಯಕವೋ?" ಎಂದಳು. ಮಳೆಯ ಸದ್ದಿಗೆ ಅವನಿಗೆ ಕೇಳಿಸಲಿಲ್ಲ. ಹತ್ತಿರ ಹೋಗಿ ಮತ್ತೆ ಕೇಳಿದಳು. ನಮ್ಮ ಜಿಲ್ಲೆಯಲ್ಲಿ ನಾಯ್ಕ ಬೇರೆ ಸಮುದಾಯ, ನಾಯಕ ಬೇರೆ ಎಂದು ನಿನಗೆ ಹೇಳಬೇಕಾಗಿಲ್ಲ. ದೂರದ ಡೆಸ್ಕಿನಲ್ಲಿ ಎರಡೂ ಒಂದೇ. ತಪ್ಪು ಬರೆದರೂ ಯಾರೂ ಅವಳನ್ನು ಕೇಳುತ್ತಿರಲಿಲ್ಲ. ಅವಳ ಪತ್ರಿಕೆ ಯಾವುದೆಂದು ವಿಚಾರಿಸಬೇಕಿತ್ತು. ನಾಚಿಕೆಯಾಗಿ ಸುಮ್ಮನೆ ಬಂದೆ.

ನೀನು ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದಾಗ ನನ್ನ ಪಕ್ಕದಲ್ಲಿ ಅವಳೂ ಬೀಳುತ್ತಾಳೆ. ನಿದ್ದೆ ಬಾರದ್ದು ಅದಕ್ಕೆ ಎಂದು ಈಗ ಬರೆಯುತ್ತಿರುವಾಗ ಗೊತ್ತಾಗುತ್ತಿದೆ.

ಹಿರಿಯನೆಂದ ಮೇಲೆ ಏನಾದರೂ ಹೇಳಬೇಕಲ್ಲ. "ಎನ್ನಲಾಗಿದೆ", "ತಿಳಿದುಬಂದಿದೆ" ಎಂದು ಕಂಡಾಗ ಅಂದವರು ಯಾರೆಂದು ಹುಡುಕು. ಅವು ನಾವು ಮನೆಯಿಂದ ಹೊರಗೆ ಹೋಗದ ದಿನಗಳ ಕ್ರಿಯಾಪದಗಳು. ಹಾಗೆಂದು ಅವು ಇಲ್ಲದಿದ್ದರೆ ನಿಜವೆಂದೂ ಅಲ್ಲ, ನನ್ನದನ್ನೇ ನೋಡಿದೆಯಲ್ಲ. ಗದ್ದಲದ ಸುದ್ದಿಯನ್ನು ಮೂರು ದಿನ ತಣಿಯಲು ಬಿಡು, ಸಾಧ್ಯವಾದರೆ. ಶಿರಸಿಯ ಸುದ್ದಿಗೆ ಶಿರಸಿಯಲ್ಲಿ ಅಚ್ಚಾಗುವ ಪತ್ರಿಕೆಯನ್ನೂ ಒಮ್ಮೆ ನೋಡು. ಅಲ್ಲಿಯ ವರದಿಗಾರ ತಪ್ಪು ಬರೆದರೆ ಮರುದಿನ ಪೇಟೆಯಲ್ಲಿ ಸಿಕ್ಕಿಬೀಳುತ್ತಾನೆ. ಅಜ್ಜನ ಎರಡು ಪತ್ರಿಕೆಯ ಉಪಾಯ ಈಗ ನಡೆಯುತ್ತದೋ ಇಲ್ಲವೋ, ನಿನಗೆ ಸಮಯವಾದರೂ ಎಲ್ಲಿದೆ. ಅಪ್ಪನ ಜೊತೆ ಈ ವಿಷಯಕ್ಕೆ ಜಗಳ ಬೇಡ. ಇಷ್ಟೇ ನನ್ನ ಬಳಿ ಇರುವುದು.

ಬಿಲ್ಲಿಗಾಗಿ ಕತ್ತರಿಸಿಟ್ಟ ತುಣುಕುಗಳ ಕಡತ ಇನ್ನೂ ಅಟ್ಟದ ಮೇಲಿದೆ. ನಿನ್ನೆ ಇಳಿಸಿ ಆ ಸುದ್ದಿಯನ್ನು ಹುಡುಕಿದೆ. ಗೆದ್ದಲು ಒಂದು ಮೂಲೆ ತಿಂದಿದೆ, ಓದಲು ಅಡ್ಡಿಯಿಲ್ಲ. ಪಕ್ಕದಲ್ಲಿ ಪೆನ್ಸಿಲಿನಿಂದ "14 ಸೆಂ.ಮೀ." ಎಂದು ಬರೆದಿರುವುದು ನನ್ನದೇ ಅಕ್ಷರ, ಗೀಟು ಎಳೆದದ್ದು ಹಣ ಬಂತು ಎಂಬ ಗುರುತಿಗೆ. ಕಾಗದದ ಜೊತೆ ಇಟ್ಟಿದ್ದೇನೆ. ಚೌತಿಗೆ ಬರುವಾಗ ಮರೆಯದೆ ತಾ, ಬೇರೆ ಪ್ರತಿ ಇಲ್ಲ.

ಇಂತಿ,
ನಿನ್ನ ಮಾವ