ಊರಿನ ಹೆಸರಿರುವ ಹಾಡುಗಳು

ಸುಂಟಿಕೊಪ್ಪ, ಕೊಡಗು

ಪ್ರಿಯ ಗೆಳೆಯಾ,

ಹೋದ ವಾರ ಫೋನಿನಲ್ಲಿ ಗೀಸ್ ಎಂಬ ಅಮೆರಿಕದ ರಾಕ್ ತಂಡದ ‘ಗೆಟಿಂಗ್ ಕಿಲ್ಡ್’ ಆಲ್ಬಮ್ಮನ್ನು ನೀನು ಹೊಗಳಿದ್ದೇ ಹೊಗಳಿದ್ದು. ಕೇಳಿದೆ. ಡ್ರಮ್ ನುಡಿಸುವ ಹುಡುಗ ಇಡೀ ತಂಡವನ್ನು ಎಳೆದುಕೊಂಡು ಹೋಗುತ್ತಾನೆ, ಗಾಯಕ ಕ್ಯಾಮರನ್ ವಿಂಟರ್‌ನ ಗಂಟಲು ಬಿರಿಯುವಲ್ಲಿ ಮೈ ಜುಮ್ಮೆನ್ನುತ್ತದೆ. ತಕರಾರಿಲ್ಲ. ಆದರೆ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಆ ಹುಡುಗರು ಯಾವ ಬೀದಿಯಲ್ಲಿ ಓಡಾಡುತ್ತಾರೆ, ಯಾರ ಜಗಲಿಯಲ್ಲಿ ಹರಟೆ ಹೊಡೆಯುತ್ತಾರೆ ಎಂಬುದು ಹಾಡು ಮುಗಿದರೂ ನನಗೆ ಗೊತ್ತಾಗಲಿಲ್ಲ. ಈಚೆಗೆ ನನ್ನ ಕಿವಿ ಹುಡುಕುವುದು ಅದನ್ನೇ.

ಹಾಗಾಗಿ ಮತ್ತೆ ಮತ್ತೆ ವೆನ್ಸ್‌ಡೇ ತಂಡದ ‘ರ‍್ಯಾಟ್ ಸಾ ಗಾಡ್’ ಕಡೆಗೇ ಹೋಗುತ್ತೇನೆ. 2023ರ ಆಲ್ಬಮ್. ಅಮೆರಿಕದ ನಾರ್ತ್ ಕ್ಯಾರೊಲಿನಾದ ಆ್ಯಶ್‌ವಿಲ್ ಅವರ ಊರು, ನಮ್ಮಂತೆಯೇ ಬೆಟ್ಟದ ಸೀಮೆ. ತಂಡದ ಗಾಯಕಿ ಕಾರ್ಲಿ ಹಾರ್ಟ್ಸ್‌ಮನ್ ಹಾಡಿಗೆ ತರುವುದೆಲ್ಲ ತಾನು ಬೆಳೆದ ಕಡೆಯ ಸಂಗತಿಗಳು: ಪೊಲೀಸರು ದಾಳಿ ಮಾಡಿದ ಪಕ್ಕದ ಮನೆ, ಮಾತ್ರೆ ನುಂಗಿ ಆಸ್ಪತ್ರೆ ಸೇರಿದ ಗೆಳೆಯ. ‘ಬುಲ್ ಬಿಲೀವರ್’ ಎಂಟು ನಿಮಿಷಕ್ಕೂ ಹೆಚ್ಚಿನ ಹಾಡು. ಕೊನೆಯಲ್ಲಿ ಪದಗಳೆಲ್ಲ ಕರಗಿ ಬರೀ ಚೀರಾಟ ಉಳಿಯುತ್ತದೆ. ಅದನ್ನು ಕೇಳಿದಾಗ ನನಗೆ ಭಯವಾಗುತ್ತದೆ, ಆಮೇಲೆ ಎದೆ ಹಗುರಾಗುತ್ತದೆ. ಗಿಟಾರಿನ ಗದ್ದಲದ ಮೇಲೆ ತೇಲುವ ಆ ಸ್ಟೀಲ್ ಗಿಟಾರ್ ಇಲ್ಲದಿದ್ದರೆ ಈ ಆಲ್ಬಮ್ ಅರ್ಧಕ್ಕರ್ಧ ಬಡವಾಗುತ್ತಿತ್ತು ಎಂದೇ ನನ್ನ ಅಭಿಪ್ರಾಯ.

ಇದೇ ತಂಡದ ಗಿಟಾರಿಸ್ಟ್ ಎಂ.ಜೆ. ಲೆಂಡರ್‌ಮನ್‌ನ ‘ಮ್ಯಾನಿಂಗ್ ಫೈರ್‌ವರ್ಕ್ಸ್’ ಅನ್ನು ಕಾಫಿ ಕಣದಲ್ಲಿ ನಿಂತು ಕೇಳಿದೆ. ಒಣಗಿ ಕರ್ರಗಾದ ರೊಬಸ್ಟಾ ಹಣ್ಣನ್ನು ಎಳೆದಂತೆಲ್ಲ ಕಾಲ ಕೆಳಗೆ ಗಲಗಲ ಸದ್ದು, ಕಿವಿಯಲ್ಲಿ ಅವನ ಅವಸರವಿಲ್ಲದ ದನಿ. ಪಕ್ಕದಲ್ಲಿ ಕುಳಿತು ಮಾತಾಡುವ ಹಾಗೆ ಹಾಡುತ್ತಾನೆ. ಕೊನೆಯ ಹಾಡು ಹತ್ತು ನಿಮಿಷ. ಮಾತು ಬೇಗ ಮುಗಿದು, ಮಿಕ್ಕಿದ್ದೆಲ್ಲ ಎಳೆದು ನಿಲ್ಲಿಸಿದ ಗುಂಗು. ಬೇರೆಯವರು ಬೇಸರ ಎಂದಾರು, ನಾನು ಒಂದು ಕ್ಷಣವನ್ನೂ ಕತ್ತರಿಸಲಾರೆ. (ಸಿಂಡಿ ಲೀ ಹೆಸರಿನಲ್ಲಿ ಬಂದ ‘ಡೈಮಂಡ್ ಜುಬಿಲಿ’ ಆಲ್ಬಮ್ಮಿನ ಬಗ್ಗೆ ಹೀಗೆ ಹೇಳಲಾರೆ. ಆ 32 ಹಾಡುಗಳಲ್ಲಿ ಹತ್ತನ್ನು ಬಿಟ್ಟಿದ್ದರೂ ಅದು ಶ್ರೇಷ್ಠ ಆಲ್ಬಮ್ಮೇ ಆಗಿರುತ್ತಿತ್ತು.)

ಲೆಂಡರ್‌ಮನ್‌ನ ಆಲ್ಬಮ್ ಬಂದದ್ದು 2024ರ ಸೆಪ್ಟೆಂಬರ್ ಮೊದಲ ವಾರ. ಅದೇ ತಿಂಗಳ ಕೊನೆಗೆ ಹೆಲೀನ್ ಚಂಡಮಾರುತದ ಮಳೆಗೆ ಆ್ಯಶ್‌ವಿಲ್ ಮುಳುಗಿತು, ಸುತ್ತಲಿನ ಗುಡ್ಡಗಳು ಜಾರಿದವು. ಆ ಚಿತ್ರಗಳಲ್ಲಿ ನಾನು ಕಂಡದ್ದು 2018ರ ಆಗಸ್ಟ್ ತಿಂಗಳ ಮಳೆಗೆ ಗುಡ್ಡ ಕುಸಿದ ನಮ್ಮ ಮಕ್ಕಂದೂರು, ಜೋಡುಪಾಲ. ಹಸಿರಿನ ನಡುವೆ ಸಿಗಿದು ಬಿದ್ದ ಅದೇ ಕೆಂಪು ಮಣ್ಣು. ಎರಡು ವಾರ ಕಳೆಯುವುದರೊಳಗೆ ‘ಕಾರ್ಡಿನಲ್ಸ್ ಅಟ್ ದ ವಿಂಡೋ’ ಎಂಬ ಸಂಗ್ರಹ ಬಂತು. ನೂರಕ್ಕೂ ಹೆಚ್ಚು ಹಾಡುಗಳು, ಆರ್.ಇ.ಎಂ. ತಂಡದಂಥ ಹಳಬರೂ ಕೊಟ್ಟರು, ಲೆಂಡರ್‌ಮನ್ ಕೂಡ ಕೊಟ್ಟ. ಹಣ ಸಂತ್ರಸ್ತರಿಗೆ ಹೋಯಿತು.

ನಮಗೂ ಅಂದು ಅಕ್ಕಿ ಬಂತು, ಕಂಬಳಿ ಬಂತು, ಎಲ್ಲೆಲ್ಲಿಂದಲೋ ಲಾರಿಗಳು ಬಂದವು. ಆದರೆ ಆ ಆಗಸ್ಟನ್ನು ನೆನೆದು ಒಬ್ಬನೇ ಇರುವಾಗ ಗುನುಗಿಕೊಳ್ಳಲು ನನ್ನ ಬಳಿ ಹಾಡಿಲ್ಲ. ಹೆಸರು ಹಿಡಿದು ಹಾಡುವುದು ಈ ನೆಲಕ್ಕೆ ಹೊಸದೇನಲ್ಲವಲ್ಲ! ದುಡಿ ಬಡಿಯುತ್ತಾ ‘ಬಾಳೋ ಬಾಳೋ’ ಎಂದು ಹಾಡುವ ಕೊಡವರು ನಾಡು, ಊರು, ಒಕ್ಕದ (ಮನೆತನದ) ಹೆಸರುಗಳನ್ನು ಹಾಡಿನೊಳಗೇ ಕೂರಿಸುತ್ತಾರೆ. ಸಾವಿನ ಮನೆಯಲ್ಲೂ ಸತ್ತವರ ಬದುಕನ್ನೇ ಹಾಡುತ್ತಾರೆ.

ಈಗ ನಿನ್ನ ಹಾಡಿನ ವಿಷಯ. ನೀನೇ ಬರೆದು ಹಾಡಿ ಕಳಿಸಿದ ಮೂರು ಹಾಡುಗಳಲ್ಲಿ ಎರಡನೆಯದು ನನಗೆ ಬಹಳ ಇಷ್ಟವಾಯಿತು, ಅದಕ್ಕೇ ಅದರ ಮೇಲೆ ಸಿಟ್ಟು. ಮಳೆ, ಮಂಜು, ಬೆಟ್ಟ ಎಂದಿದ್ದೀಯ. ಯಾವ ಬೆಟ್ಟ? ಮಾದಾಪುರದಲ್ಲಿ ಬೆಳೆದವನು ನೀನು. ಹಟ್ಟಿಹೊಳೆಯ ರಸ್ತೆ ಕಿತ್ತುಹೋದಾಗ ನಿಮ್ಮ ಮನೆಯವರು ತೋಟದೊಳಗಿಂದ ನಡೆದು ಬಂದದ್ದನ್ನು ನನಗೆ ಹೇಳಿದವನೂ ನೀನೇ. ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರಲ್ಲ, ಆ ಕುರ್ಚಿ ಹಾಡಿಗೆ ಬರಲಿ. ಹಟ್ಟಿಹೊಳೆ ಎಂದೇ ಹಾಡು, ಬೆಂಗಳೂರಿನವರಿಗೆ ಅರ್ಥವಾಗದಿದ್ದರೆ ಕೇಳಿ ತಿಳಿದುಕೊಳ್ಳುತ್ತಾರೆ. ಆ್ಯಶ್‌ವಿಲ್ ಎಲ್ಲಿದೆ ಎಂದು ನಾವು ನಕ್ಷೆ ಹುಡುಕಲಿಲ್ಲವೇ?

ಗಿಟಾರಿನ ಒರಟುತನವನ್ನು ಮಾತ್ರ ಯಾರೇ ಹೇಳಿದರೂ ತಿದ್ದಬೇಡ. ಪದ ಬದಲಿಸಿದ ಮೇಲೆ ಮತ್ತೊಮ್ಮೆ ರೆಕಾರ್ಡ್ ಮಾಡಿ ಕಳಿಸು. ಮೆಣಸಿನ ಕೊಯ್ಲು ಶುರುವಾಗುವುದರೊಳಗೆ ಕಳಿಸಿದರೆ ಸಾಲು ಸಾಲಾಗಿ ಕೇಳಿ ಬರೆಯುತ್ತೇನೆ.

ನಿನ್ನ ಗೆಳೆಯ