ಪಕ್ಕದ ಮಂಚದ ಹುಡುಗಿ

ಪುಟ್ಟಿ,

ಪಕ್ಕದ ಮಂಚದ ಹುಡುಗಿಯಿಂದ ಬೆವರಿನ ವಾಸನೆ ಬರುತ್ತದೆ ಅಂತ ನಿನ್ನೆ ಫೋನಿನಲ್ಲಿ ನೀನು ದನಿ ತಗ್ಗಿಸಿ ಹೇಳಿದ ಮಾತು ರಾತ್ರಿಯೆಲ್ಲ ತಲೆಯಲ್ಲೇ ಇತ್ತು. ಮುಖದ ಮೇಲೆ ವೇಲು ಎಳೆದುಕೊಂಡು ಮಲಗುವುದೆಂದರೆ ಕಷ್ಟವೇ. ಸಹಿಸಿಕೊಂಡು ಹೋಗು ಅಂತ ಹೇಳಲಾರೆ. ಆದರೆ ವಾರ್ಡನ್ ಹತ್ತಿರ ಹೋಗುವ ಮುಂಚೆ ಇದನ್ನೊಮ್ಮೆ ಓದು.

1996ರಲ್ಲಿ ಮೈಸೂರಿನ ಹಾಸ್ಟೆಲಿನಲ್ಲಿ ನಮ್ಮ ರೂಮಿಗೆ ನಾಲ್ವರು. ಒಬ್ಬಳ ಹತ್ತಿರ ಬೆವರಿನ ವಾಸನೆ. ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವಳು ಒಳಗೆ ಬಂದರೆ ಎದ್ದು ಕಿಟಕಿ ತೆಗೆಯುತ್ತಿದ್ದೆವು. ಒಂದು ದಿನ ಅವಳ ದಿಂಬಿನ ಮೇಲೆ ಹೊಸ ಸೋಪು ಇಟ್ಟೆವು. ಇಟ್ಟ ಕೈ ನನ್ನದು. ಅವಳು ನೋಡಿದಳು, ಕಾಗದ ಬಿಚ್ಚದೆ ಟ್ರಂಕಿಗೆ ಹಾಕಿದಳು. ಮರುದಿನದಿಂದ ನಸುಕಿಗೇ ಎದ್ದು ತಣ್ಣೀರು ಸುರಿದುಕೊಳ್ಳುವ ಸದ್ದು. ವಾಸನೆ ಮಾತ್ರ ಹೋಗಲಿಲ್ಲ. ನಮ್ಮ ಜೊತೆ ಊಟಕ್ಕೆ ಬರುವುದನ್ನೂ ಬಿಟ್ಟಳು. ಅವಳಿಗಿದ್ದದ್ದು ಎರಡೇ ಜೊತೆ ಬಟ್ಟೆ, ಎರಡೂ ಪಾಲಿಯೆಸ್ಟರ್. ಕಣ್ಣಿಗೆ ಕಂಡಿತ್ತು, ತಲೆಗೆ ಹೊಳೆದಿರಲಿಲ್ಲ.

ಬೆವರಿಗೆ ತನ್ನದೇ ಆದ ವಾಸನೆ ಇಲ್ಲವೆನ್ನುವಷ್ಟು ಕಮ್ಮಿ. ಕಂಕುಳಿನ ಬೆವರನ್ನು ಚರ್ಮದ ಮೇಲಿನ ಬ್ಯಾಕ್ಟೀರಿಯಾ ಒಡೆದಾಗಲೇ ಅದು ನಾರುವುದು. ಪಾಲಿಯೆಸ್ಟರ್ ಬಟ್ಟೆ ಅದನ್ನು ಹತ್ತಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ, ಒಗೆದರೂ ಸುಲಭವಾಗಿ ಬಿಡುವುದಿಲ್ಲ. ಅದರ ಮೇಲೆ ನಿಮ್ಮ ಮಂಗಳೂರಿನ ಮಳೆಗಾಲ. ರೂಮಿನೊಳಗೆ ಅರೆಬರೆ ಒಣಗಿದ ಬಟ್ಟೆಗೆ ಮುಗ್ಗಲು ಹಿಡಿಯದೆ ಇರುತ್ತದೆಯೇ? ಮೈ ತೊಳೆದುಕೊಂಡವಳೂ ಆ ಬಟ್ಟೆ ತೊಟ್ಟರೆ ಮುಗಿಯಿತು. ತನ್ನ ವಾಸನೆಗೆ ತನ್ನ ಮೂಗು ಒಗ್ಗಿಹೋಗಿರುತ್ತದೆ, ನಿನ್ನ ಪಕ್ಕದವಳಿಗೆ ಗೊತ್ತೇ ಇಲ್ಲದಿರಬಹುದು.

ಅದಕ್ಕೇ ನೀನೇ ಹೇಳಬೇಕು. ಇಬ್ಬರೇ ಇರುವಾಗ, ಕಾಲೇಜಿಗೆ ಓಡುವ ಗಡಿಬಿಡಿಯಲ್ಲಲ್ಲ, ಸಂಜೆ. "ಹೇಳೋಕೆ ನಂಗೂ ಮುಜುಗರ ಕಣೇ, ಆದ್ರೆ ಬೇರೆಯವರಿಂದ ಗೊತ್ತಾಗೋದು ಬೇಡ ಅಂತ ಹೇಳ್ತಿದೀನಿ. ನಿನ್ನ ಬಟ್ಟೆಯಿಂದ ಬೆವರಿನ ವಾಸನೆ ಬರ್ತಿದೆ." ಅಷ್ಟು ಸಾಕು. ಗೆಳತಿಯರ ವಾಟ್ಸಾಪ್ ಗುಂಪಿನಲ್ಲಿ ಇದರ ಒಂದಕ್ಷರವೂ ಬೇಡ. ಸೆಂಟು ಬಾಟಲಿ ಕೊಡಬೇಡ, ಬೆವರಿನ ಮೇಲೆ ಸೆಂಟು ಹೊಡೆದರೆ ಇನ್ನೂ ಕೆಟ್ಟದು.

ಅವಳು ಅತ್ತರೆ ಎದ್ದು ಹೋಗಬೇಡ. ಆಮೇಲೆ ಇಬ್ಬರೂ ಸೇರಿ ಕೆಲಸ ಹಿಡಿಯಿರಿ: ಭಾನುವಾರ ಇಬ್ಬರ ಹಾಸಿಗೆ ಬಟ್ಟೆಯೂ ಬಕೆಟ್ಟಿಗೆ, ಕುರ್ತಾಗಳನ್ನು ಒಳಮಗ್ಗಲು ಮೇಲೆ ಮಾಡಿ ನೆನೆಸುವುದು, ಒದ್ದೆ ಟವೆಲು ಮಂಚದ ಮೇಲಲ್ಲ, ಫ್ಯಾನಿನ ಕೆಳಗೆ ಹಗ್ಗಕ್ಕೆ.

ದಿನಾ ಸ್ನಾನ ಮಾಡಿ, ಒಗೆದ ಬಟ್ಟೆ ಹಾಕಿಕೊಂಡರೂ ಹೋಗದಿದ್ದರೆ ಚರ್ಮದ ಡಾಕ್ಟರ ಹತ್ತಿರ ಜೊತೆಗೆ ಹೋಗು. ವಿಪರೀತ ಬೆವರುವುದಕ್ಕೆ ಔಷಧಿ ಇದೆ. ಇನ್ನೊಂದು ಮಾತು. ಮುಂಚೆ ಚೆನ್ನಾಗಿದ್ದವಳು ಈಚೆಗೆ ಸ್ನಾನ, ಊಟ, ಕ್ಲಾಸು ಎಲ್ಲ ಬಿಟ್ಟು ಮುಸುಕು ಹಾಕಿ ಮಲಗುತ್ತಿದ್ದಾಳೆಯೇ ನೋಡು. ಹಾಗಿದ್ದರೆ ವಾಸನೆಯ ಸುದ್ದಿ ಎತ್ತಲೇಬೇಡ. ಏನಾಯಿತೇ ಅಂತ ಕೇಳಿ ಪಕ್ಕದಲ್ಲಿ ಕೂತುಕೋ, ನನಗೆ ಕೂಡಲೇ ಫೋನ್ ಮಾಡು.

ಶಿರಾಡಿ ಘಾಟಿಯಲ್ಲಿ ರಸ್ತೆ ಸರಿಯಿದ್ದರೆ ಶನಿವಾರ ಅಪ್ಪ ಬರುತ್ತಾರೆ. ನೈಲಾನ್ ಹಗ್ಗ, ನಿನಗೆ ಎರಡು ಹತ್ತಿ ಕುರ್ತಾ, ಕೋಡುಬಳೆ ಎರಡು ಡಬ್ಬಿ ಕಳಿಸುತ್ತಿದ್ದೇನೆ. ಒಂದು ಡಬ್ಬಿ ಅವಳಿಗೆ. ಅದನ್ನು ದಿಂಬಿನ ಮೇಲೆ ಇಡಬೇಡ, ಕೈಗೆ ಕೊಡು.

ನಿನ್ನ
ಅಮ್ಮ