ಬೂಟು ಒದೆಯುವ ಆಟ ಕಲಿಸಿದ ಪಾಠ

ಮಾನ್ಯರೇ,

ಮಕ್ಕಳ ಕಲಿಕೆಯ ಆ್ಯಪ್‌ಗಳ ಚರ್ಚೆ ಬಂದಾಗಲೆಲ್ಲ ಮಗು ಎಷ್ಟು ಹೊತ್ತು ಪರದೆ ನೋಡಬೇಕು ಎನ್ನುವುದರಲ್ಲೇ ಮಾತು ಮುಗಿಯುತ್ತದೆ. ಅಷ್ಟು ಹೊತ್ತು ಮಗು ಅಲ್ಲಿ ಮಾಡುವುದೇನು ಎಂದು ಕೇಳುವವರು ಕಡಿಮೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್ ಪಾಠ ಮಾಡಿಕೊಂಡು ಬಂದ ನಾನು ಈ ಮಾತಿಗೆ 1982ರ ಆಟವೊಂದನ್ನು ಮುಂದಿಡುತ್ತೇನೆ. ಹೆಸರು ‘ರಾಕೀಸ್ ಬೂಟ್ಸ್’. ಆ್ಯಪಲ್ 2 ಕಂಪ್ಯೂಟರಿಗೆಂದು ಅದನ್ನು ತಂದದ್ದು ಅಮೆರಿಕದ ‘ದಿ ಲರ್ನಿಂಗ್ ಕಂಪನಿ’.

ಪರದೆಯ ಮೇಲೆ ಬಣ್ಣಬಣ್ಣದ ಆಕಾರಗಳು ಒಂದರ ಹಿಂದೊಂದು ಬರುತ್ತವೆ. ನೀಲಿ ಕ್ರಾಸ್‌ಗಳನ್ನು ಮಾತ್ರ ಬೂಟು ಒದೆಯಬೇಕು ಎಂದಿಟ್ಟುಕೊಳ್ಳಿ. ಮಗು ನೀಲಿಯನ್ನು ಗುರುತಿಸುವ ಸೆನ್ಸರ್ ಒಂದನ್ನು, ಕ್ರಾಸನ್ನು ಗುರುತಿಸುವ ಸೆನ್ಸರ್ ಇನ್ನೊಂದನ್ನು ತಂದು, ಎರಡನ್ನೂ ಆ್ಯಂಡ್ ಗೇಟಿಗೆ (ಎರಡೂ ಕಡೆಯಿಂದ ಸಿಗ್ನಲ್ ಬಂದರೆ ಮಾತ್ರ ಮುಂದೆ ಬಿಡುವ ಬಿಡಿಭಾಗಕ್ಕೆ) ಜೋಡಿಸಿ, ಅದರ ತುದಿಗೆ ಬೂಟು ಸಿಕ್ಕಿಸಬೇಕು. ಆಮೇಲೆ ಯಂತ್ರ ಓಡುತ್ತದೆ. ಸಿಗ್ನಲ್ ಕಿತ್ತಳೆ ಬಣ್ಣದಲ್ಲಿ ತಂತಿಯಲ್ಲಿ ಹರಿಯುವುದು ಕಣ್ಣಿಗೇ ಕಾಣುತ್ತದೆ. ಆ್ಯಂಡ್ ಬದಲು, ಒಂದು ಕಡೆಯಿಂದ ಸಿಗ್ನಲ್ ಬಂದರೂ ಸಾಕೆನ್ನುವ ಆರ್ ಗೇಟ್ ಹಾಕಿದರೆ ಬೂಟು ನೀಲಿ ಇರುವುದನ್ನೆಲ್ಲ, ಕ್ರಾಸ್ ಇರುವುದನ್ನೆಲ್ಲ ಒದ್ದುಬಿಡುತ್ತದೆ. ಎಲ್ಲಿ ಎಡವಿತು ಎಂದು ತಿಳಿಯಲು ಕೆಂಪು ಗುರುತು ಬೇಕಿಲ್ಲ. ಮಗು ತಂತಿಯ ಜಾಡು ಹಿಡಿದು ತಾನೇ ಹುಡುಕಿಕೊಳ್ಳುತ್ತದೆ. ಕಾಲೇಜಿನಲ್ಲಿ ನಾವು ಟ್ರೂತ್ ಟೇಬಲ್ (ಯಾವ ಸಿಗ್ನಲ್ ಕೊಟ್ಟರೆ ಏನು ಹೊರಬರುತ್ತದೆ ಎಂಬ ಪಟ್ಟಿ) ಬರೆಸಿ ಹೇಳಿಕೊಡುವ ವಿಷಯವೇ ಇದು. ಒಂದು ಸ್ಥಿತಿಯನ್ನು ನೆನಪಿಟ್ಟುಕೊಳ್ಳುವ ಫ್ಲಿಪ್-ಫ್ಲಾಪ್ ಕೂಡ ಅದರಲ್ಲಿದೆ!

ಇದನ್ನು ರೂಪಿಸಿದವರು ವಾರನ್ ರಾಬಿನೆಟ್ ಮತ್ತು ಲೆಸ್ಲಿ ಗ್ರಿಮ್. ರಾಬಿನೆಟ್ ಅದಕ್ಕೂ ಮೊದಲು ವಿಡಿಯೊ ಗೇಮ್ ಕಂಪನಿ ಅಟಾರಿಯಲ್ಲಿದ್ದಾಗ, ಆಟ ಬರೆದವರ ಹೆಸರು ಹಾಕದ ಕಾಲದಲ್ಲಿ, ‘ಅಡ್ವೆಂಚರ್’ ಆಟದ ಗುಪ್ತ ಕೋಣೆಯೊಂದರಲ್ಲಿ ತಮ್ಮ ಹೆಸರನ್ನು ಅಡಗಿಸಿಟ್ಟವರು. ಇವರಿಬ್ಬರ ಜೊತೆ ಆ್ಯನ್ ಮೆಕಾರ್ಮಿಕ್ ಮತ್ತು ಟೆರಿ ಪರ್ಲ್ ಸೇರಿ 1980ರಲ್ಲಿ ಕಂಪನಿ ಕಟ್ಟಿದರು. ನಾಲ್ವರಲ್ಲಿ ಮೂವರು ಮಹಿಳೆಯರು ಎನ್ನುವುದು ನನಗೆ ಬಹಳ ಮುಖ್ಯವಾದ ಸಂಗತಿ.

ಮುಂದಿನ ಕಥೆ ದುಃಖದ್ದು. 1995ರಲ್ಲಿ ಸಾಫ್ಟ್‌ಕೀ ಸಂಸ್ಥೆ ಈ ಕಂಪನಿಯನ್ನು ಕೊಂಡು ಅದರ ಹೆಸರನ್ನೇ ತಾನಿಟ್ಟುಕೊಂಡಿತು, ಮಕ್ಕಳ ಸಾಫ್ಟ್‌ವೇರ್ ಮಾಡುತ್ತಿದ್ದ ಎಮ್‌ಇಸಿಸಿ, ಬ್ರೋಡರ್‌ಬಂಡ್‌ಗಳನ್ನೂ ನುಂಗಿತು. 1999ರಲ್ಲಿ ಆಟಿಕೆ ಕಂಪನಿ ಮ್ಯಾಟೆಲ್ ಸುಮಾರು 350 ಕೋಟಿ ಡಾಲರ್ ಮೌಲ್ಯದ ವ್ಯವಹಾರದಲ್ಲಿ ಅಷ್ಟನ್ನೂ ಕೊಂಡು, ಭಾರೀ ನಷ್ಟ ಅನುಭವಿಸಿ, ಮರುವರ್ಷವೇ ಕೈತೊಳೆದುಕೊಂಡಿತು. ಹೀಗೆ ಕೈಯಿಂದ ಕೈಗೆ ದಾಟುವ ಭರದಲ್ಲಿ, ಮಗು ತಾನೇ ಕಟ್ಟಿ ಕಲಿಯಲಿ ಎಂಬ ಮೂಲ ಆಸೆಯನ್ನು ಯಾರೂ ಜತನ ಮಾಡಲಿಲ್ಲ ಎಂಬುದೇ ನನ್ನ ನೋವು. ಇಂದು ನಾನು ನೋಡುವ ಕಲಿಕಾ ಆ್ಯಪ್‌ಗಳಲ್ಲಿ ಹೆಚ್ಚಿನವು ನಾಲ್ಕು ಉತ್ತರ ಕೊಟ್ಟು ಒಂದನ್ನು ಒತ್ತಿಸಿ ನಕ್ಷತ್ರ ಹಂಚುತ್ತವೆ.

‘ರಾಕೀಸ್ ಬೂಟ್ಸ್’ ಹಳೆಯ ಸಾಫ್ಟ್‌ವೇರ್, ಪುಸ್ತಕಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಜಾಲತಾಣದಲ್ಲಿ ಈಗಲೂ ಇದೆ, ಬ್ರೌಸರ್‌ನಲ್ಲೇ ಆಡಬಹುದು. ಮಕ್ಕಳಿಗಾಗಿ ಸಾಫ್ಟ್‌ವೇರ್ ಬರೆಯುವವರು, ಅದನ್ನು ಶಾಲೆಗಳಿಗೆ ಆರಿಸುವವರು ಮುಂದಿನ ಆ್ಯಪ್‌ಗೆ ಒಪ್ಪಿಗೆ ಕೊಡುವ ಮೊದಲು ಒಂದು ಸಂಜೆ ಅದರ ಮುಂದೆ ಕುಳಿತು, ಆ ಬೂಟಿನಿಂದ ಸರಿಯಾದ ಆಕಾರವನ್ನು ಒದೆಸಿ ನೋಡಬೇಕೆಂದು ಕೋರುತ್ತೇನೆ.

– ನಿವೃತ್ತ ಎಲೆಕ್ಟ್ರಾನಿಕ್ಸ್ ಉಪನ್ಯಾಸಕಿ